ಹಳೆಯ ಡೀಸೆಲ್ ಕಾರಿನ ಹೊಗೆ ಏನು ಹೇಳುತ್ತದೆ?



ಊರಿನ ಜಾತ್ರೆಯೋ, ಮದುವೆಯೋ, ಮಕ್ಕಳ ರಜೆಯೋ ಹತ್ತಿರ ಬಂತೆಂದರೆ ಹೊರನಾಡ ಕನ್ನಡಿಗರ ಮನೆಗಳಲ್ಲಿ ಎರಡು ಪ್ರಶ್ನೆ ಏಳುತ್ತವೆ. ರೈಲಿಗೆ ಟಿಕೆಟ್ ಸಿಕ್ಕಿತೇ ಎಂಬುದು ಮೊದಲನೆಯದು. ಸಿಗದಿದ್ದರೆ ನಮ್ಮ ಕಾರು ಅಷ್ಟು ದೂರ ಎಳೆದೀತೇ ಎಂಬುದು ಎರಡನೆಯದು. ಕಾರು ಹೊಸದಾಗಿದ್ದರೆ ಎರಡನೆಯ ಪ್ರಶ್ನೆಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ನಮ್ಮಲ್ಲಿ ಅನೇಕರ ಬಳಿ ಇರುವುದು ಹಳೆಯ ಡೀಸೆಲ್ ಗಾಡಿ. 1998ರಲ್ಲಿ ಬಂದ ಇಂಡಿಕಾದ ಯಾವುದೋ ಒಂದು ಮಾದರಿ, 2005ರಲ್ಲಿ ಬಂದ ಇನ್ನೋವಾ, 2007ರಿಂದ ಡೀಸೆಲ್‌ನಲ್ಲೂ ಸಿಗತೊಡಗಿದ ಸ್ವಿಫ್ಟ್, ಹೀಗೆ. ಲಕ್ಷಾಂತರ ಕಿಲೋಮೀಟರ್ ಓಡಿಯೂ ಮನೆಯವರ ಜೊತೆಗೇ ಉಳಿದಿರುವ ಗಾಡಿಗಳು ಇವು.

ಇಂಥ ಗಾಡಿಯ ದೂರು ಸಾಮಾನ್ಯವಾಗಿ ಒಂದೇ ಬಗೆಯದು. "ಪಿಕಪ್ ಇಲ್ಲ. ಆಕ್ಸಿಲರೇಟರ್ ಒತ್ತಿದರೆ ಹಿಂದೆ ಹೊಗೆ ಬರುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ." ಗ್ಯಾರೇಜಿಗೆ ಹೋದರೆ ಅನೇಕ ಕಡೆ ಬರುವ ಉತ್ತರವೂ ಒಂದೇ: "ಪಂಪು, ನಾಝಲ್ ಕೆಲಸ ಇದೆ ಸಾರ್." ಅಂದರೆ ಐದಂಕಿಯ ಬಿಲ್ಲು.

ನನ್ನ ಮಾತು ಇಷ್ಟೇ. ಆ ಬಿಲ್ಲಿಗೆ ಒಪ್ಪುವ ಮುನ್ನ ಹೊಗೆಯ ಬಣ್ಣ ನೋಡಿ, ಅದು ಯಾವಾಗ ಬರುತ್ತದೆ ಎಂದು ಗಮನಿಸಿ, ಅಗ್ಗದ ಕಾರಣಗಳನ್ನು ಮೊದಲು ತಳ್ಳಿಹಾಕಿ. ಕೊಳೆ ಕಟ್ಟಿದ ಏರ್ ಫಿಲ್ಟರ್, ಸೀಳಿದ ಒಂದು ರಬ್ಬರ್ ಪೈಪು, ಬದಲಿಸದೆ ಬಿಟ್ಟ ಡೀಸೆಲ್ ಫಿಲ್ಟರ್, ಇವು ಮೂರೂ ಪಂಪು ಕೆಟ್ಟಂತೆಯೇ ನಾಟಕ ಮಾಡಬಲ್ಲವು.

ಇದು ಬರೀ ದುಡ್ಡಿನ ಮಾತೂ ಅಲ್ಲ. ಖಂಡಾಲಾ ಘಾಟಿಯಲ್ಲೋ, ಕೃಷ್ಣಗಿರಿ ದಾಟಿ ಹೊಸೂರಿನ ಕಡೆಗೆ ಬರುವ ಏರಿನಲ್ಲೋ ಲಾರಿಯನ್ನು ಹಿಂದೆ ಹಾಕಲು ಹೊರಟಾಗ ಕಾರು ಅರ್ಧದಲ್ಲಿ ಉಸಿರು ಬಿಟ್ಟರೆ ಏನಾಗುತ್ತದೆಂದು ನಿಮಗೇ ಗೊತ್ತು. ಹೊಗೆಯ ಕಥೆಯೂ ಸಣ್ಣದಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಖಚಿತವಾಗಿ ಹೇಳಿ, ಅದನ್ನು ಮೊದಲನೆಯ ಗುಂಪಿಗೆ ಸೇರಿಸಿತು. ನಿಮ್ಮ ಸೈಲೆನ್ಸರಿನಿಂದ ಬರುವುದನ್ನು ಹಿಂದಿನ ಸ್ಕೂಟರಿನವರು ಕುಡಿಯುತ್ತಾರೆ, ಸಿಗ್ನಲ್ಲಿನಲ್ಲಿ ನಿಂತಾಗ ನಿಮ್ಮ ಮಕ್ಕಳೂ ಕುಡಿಯುತ್ತಾರೆ.

ಮೊದಲು ಒಲೆಯ ಪಾಠ

ಕನ್ನಡ ಬಿ.ಎ. ಓದಿ ಮೈಕಿನ ಮುಂದೆ ಕೂತವನಿಗೆ ಎಂಜಿನ್ ಅರ್ಥವಾಗಬೇಕಾದರೆ ಅಡಿಗೆಮನೆಯ ದಾರಿಯೇ ಸುಲಭ. ನೀವೂ ಜೊತೆಗೆ ಬನ್ನಿ.

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಲು ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಅದಿಲ್ಲ. ಅಲ್ಲಿ ಪಿಸ್ಟನ್ ಬರೀ ಗಾಳಿಯನ್ನು ಒಳಗೆಳೆದು ಹದಿನಾರರಿಂದ ಇಪ್ಪತ್ತೆರಡು ಪಟ್ಟು ಚಿಕ್ಕ ಜಾಗಕ್ಕೆ ಒತ್ತುತ್ತದೆ. ಸೈಕಲ್ ಪಂಪು ಒತ್ತುವಾಗ ತುದಿ ಬಿಸಿಯಾಗುವುದಿಲ್ಲವೇ, ಹಾಗೆ ಈ ಗಾಳಿಯೂ ಕಾಯುತ್ತದೆ, 500 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು. ಆ ಕಾದ ಗಾಳಿಗೆ ನಾಝಲ್ ಡೀಸೆಲನ್ನು ಮಂಜಿನಂತೆ ಸಿಂಪಡಿಸುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರ್ 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ತತ್ವ ಇದೇ.

ಹಾಗಾದರೆ ಡೀಸೆಲ್ ಎಂಜಿನ್ ಚೆನ್ನಾಗಿ ಉರಿಯಲು ಮೂರು ಬೇಕು: ಸಾಕಷ್ಟು ಗಾಳಿ, ಸಾಕಷ್ಟು ಒತ್ತಡದ ಬಿಸಿ, ಹದವಾಗಿ ಸಿಂಪಡಿಸಿದ ಡೀಸೆಲ್. ಈ ಮೂರರಲ್ಲಿ ಒಂದು ತಪ್ಪಿದರೂ ಬಲ ಕಡಿಮೆಯಾಗುತ್ತದೆ. ಯಾವುದು ತಪ್ಪಿತೆಂದು ಹೊಗೆ ಸುಳಿವು ಕೊಡುತ್ತದೆ.

ಕಂದೀಲಿನ ಬತ್ತಿಯನ್ನು ಹೆಚ್ಚು ಏರಿಸಿದರೆ ಗಾಜಿಗೆ ಕಪ್ಪು ಮಸಿ ಹಿಡಿಯುತ್ತದೆ. ಎಣ್ಣೆ ಹೆಚ್ಚು, ಗಾಳಿ ಕಡಿಮೆ. ಇದು ಕಪ್ಪು ಹೊಗೆ. ಹಸಿ ಸೌದೆ ಒಲೆಗಿಟ್ಟರೆ ಹೊತ್ತಿಕೊಳ್ಳದೆ ಕಣ್ಣುರಿಸುವ ಬೆಳ್ಳನೆಯ ಹೊಗೆ ಏಳುತ್ತದೆ. ಬಿಸಿ ಸಾಲದು. ಇದು ಬಿಳಿ ಹೊಗೆ. ಒಗ್ಗರಣೆಗಿಟ್ಟ ಎಣ್ಣೆ ಮರೆತುಹೋಗಿ ಸೀದರೆ ನೀಲಿ ಛಾಯೆಯ ಹೊಗೆ ಕಮಟಾಗಿ ಮನೆ ತುಂಬುತ್ತದೆ. ಇದು ನೀಲಿ ಹೊಗೆ, ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಇನ್ನು ಒಂದೊಂದನ್ನೇ ನೋಡೋಣ.

ಕಪ್ಪು ಹೊಗೆ: ಗಾಳಿ ಸಾಲದು, ಇಲ್ಲವೇ ಡೀಸೆಲ್ ಹೆಚ್ಚು

ಪಿಕಪ್ ಕಳೆದುಕೊಂಡ ಡೀಸೆಲ್ ಕಾರುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಹಳೆಯ ಪಂಪಿನ ಗಾಡಿ ಜೋರಾಗಿ ಒತ್ತಿದಾಗ ಒಂದು ಉಸಿರು ಕಪ್ಪು ಬಿಟ್ಟು ಸರಿಹೋದರೆ ಹೆದರಬೇಕಿಲ್ಲ. ಒತ್ತಿದಷ್ಟು ಹೊತ್ತೂ ಕಪ್ಪಾಗಿ ಕಾರುತ್ತಿದ್ದರೆ, ಅದರ ಜೊತೆಗೆ ಎಳೆತವೂ ಇಲ್ಲದಿದ್ದರೆ ಹುಡುಕಲು ಶುರು ಮಾಡಿ.

ಮೊದಲು ಏರ್ ಫಿಲ್ಟರ್. ಬಾನೆಟ್ ತೆಗೆದು ಪೆಟ್ಟಿಗೆಯ ಕ್ಲಿಪ್ಪು ಬಿಚ್ಚಿದರೆ ಹೆಚ್ಚಿನ ಕಾರುಗಳಲ್ಲಿ ನೀವೇ ನೋಡಬಹುದು. ಕಾಗದದ ಮಡಿಕೆಗಳಲ್ಲಿ ಮಣ್ಣು ತುಂಬಿದ್ದರೆ, ಎಣ್ಣೆ ಹಿಡಿದು ಕರ್ರಗಾಗಿದ್ದರೆ ಬದಲಿಸಿ. ರಸ್ತೆ, ಮೆಟ್ರೋ, ಫ್ಲೈಓವರ್ ಎಂದು ಸದಾ ಏನಾದರೊಂದು ಅಗೆಯುತ್ತಲೇ ಇರುವ ನಮ್ಮ ಮಹಾನಗರಗಳಲ್ಲಿ ಕಂಪನಿ ಪುಸ್ತಕದ ಲೆಕ್ಕಕ್ಕಿಂತ ಮುಂಚೆಯೇ ಇದು ಕಟ್ಟಿಕೊಳ್ಳಬಹುದು. ಫಿಲ್ಟರ್ ತೆಗೆದಿಟ್ಟು ಓಡಿಸಿ ನೋಡೋಣ ಎಂದು ಮಾತ್ರ ಹೋಗಬೇಡಿ. ಒಳಗೆ ಹೋದ ಧೂಳು ಸಿಲಿಂಡರನ್ನು ಉಜ್ಜುಕಾಗದದಂತೆ ಸವೆಸುತ್ತದೆ.

ಎರಡನೆಯದು ಟರ್ಬೊ ಪೈಪುಗಳು. ಸ್ವಿಫ್ಟ್ ಡೀಸೆಲ್, ಇನ್ನೋವಾದಂಥ ಗಾಡಿಗಳಲ್ಲಿ ಟರ್ಬೊ ಎಂಬ ಪುಟ್ಟ ಗಾಳಿಚಕ್ರ ಇರುತ್ತದೆ. ಸೈಲೆನ್ಸರಿಗೆ ಹೋಗುವ ಹೊಗೆಯ ರಭಸಕ್ಕೇ ತಿರುಗಿ, ನಿಮಿಷಕ್ಕೆ ಲಕ್ಷ ಸುತ್ತು ದಾಟುವ ವೇಗದಲ್ಲಿ ಇದು ಎಂಜಿನ್ನಿಗೆ ಹೆಚ್ಚುವರಿ ಗಾಳಿ ತುಂಬುತ್ತದೆ. ಆ ಗಾಳಿಯನ್ನು ಒಯ್ಯುವ ರಬ್ಬರ್ ಪೈಪು ವರ್ಷಗಳ ಬಿಸಿಗೆ ಸೀಳು ಬಿಡುತ್ತದೆ, ಇಲ್ಲವೇ ಕ್ಲಾಂಪು ಸಡಿಲವಾಗುತ್ತದೆ. ಗಾಡಿ ನಿಂತಲ್ಲೇ ಎಂಜಿನ್ ಓಡುವಾಗ ಏನೂ ತಿಳಿಯುವುದಿಲ್ಲ. ಏರಿನಲ್ಲಿ ಒತ್ತಿದಾಗ ಒತ್ತಡಕ್ಕೆ ಸೀಳು ಬಾಯ್ದೆರೆದು ಗಾಳಿ ಹೊರಹೋಗುತ್ತದೆ. ಆಗ ಕಪ್ಪು ಹೊಗೆ, ಎಳೆತವಿಲ್ಲ, ಜೊತೆಗೆ "ಹಿಸ್ಸ್" ಎಂಬ ಸದ್ದು. ಆ ಸದ್ದಿಗೆ ಕಾಯಬೇಕಾದರೆ ರೇಡಿಯೋ ಆರಿಸಲೇಬೇಕು! ಆ ಒಂದು ಹೊತ್ತು ನಮ್ಮ ಕಾರ್ಯಕ್ರಮವನ್ನೂ ಆರಿಸಲು ನನ್ನ ಪೂರ್ಣ ಒಪ್ಪಿಗೆಯಿದೆ. ಮರುದಿನ ಎಂಜಿನ್ ತಣ್ಣಗಿರುವಾಗ ಪೈಪನ್ನು ಒತ್ತಿ, ಅದರ ಅಡಿಭಾಗದಲ್ಲಿ ಎಣ್ಣೆ ಒಸರಿದ ಗೆರೆ ಇದೆಯೇ ಎಂದು ನೋಡಿ. ಸೀಳು ಅಡಗುವುದು ಸಾಮಾನ್ಯವಾಗಿ ಅಲ್ಲೇ. ಟರ್ಬೊವನ್ನು ಹತೋಟಿಯಲ್ಲಿಡುವ ಪೆನ್ಸಿಲ್ ದಪ್ಪದ ವ್ಯಾಕ್ಯೂಮ್ ಪೈಪುಗಳೂ ಕೆಲವು ಗಾಡಿಗಳಲ್ಲಿರುತ್ತವೆ. ಅವು ಒಣಗಿ ಬಿರಿದರೂ ಇದೇ ಲಕ್ಷಣ. ಅವುಗಳ ಬೆಲೆ ಟರ್ಬೊ ಬೆಲೆಯ ಮುಂದೆ ಏನೇನೂ ಅಲ್ಲ.

ಮೂರನೆಯದು ಇಜಿಆರ್ ವಾಲ್ವ್. ವಿಷಾನಿಲ ಕಡಿಮೆ ಮಾಡಲೆಂದು ಸುಟ್ಟ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಬಾಗಿಲು ಇದು. ಮಸಿ ಮೆತ್ತಿ ತೆರೆದೇ ಸಿಕ್ಕಿಕೊಂಡರೆ ಹೊಸ ಗಾಳಿಯ ಜಾಗವನ್ನು ಹಳೆ ಹೊಗೆ ಆಕ್ರಮಿಸುತ್ತದೆ. ಬಿಚ್ಚಿ ತೊಳೆದರೆ ಎಷ್ಟೋ ಸಲ ಸರಿಹೋಗುತ್ತದೆ. ಕೆಲವರು ಅದಕ್ಕೊಂದು ತಗಡು ಅಡ್ಡ ಹಾಕಿ "ಪಿಕಪ್ ಬಂತು ನೋಡಿ" ಎನ್ನುತ್ತಾರೆ. ಗಾಡಿ ಬಿಡುವ ವಿಷಾನಿಲ ಇದರಿಂದ ಹೆಚ್ಚುತ್ತದೆ, ಕಾನೂನಿಗೂ ಇದು ಒಪ್ಪಿಗೆಯಿಲ್ಲ.

ಇಷ್ಟೂ ಸರಿಯಿದ್ದರೆ ಆಮೇಲೆ ನಾಝಲ್ ಸರದಿ. ತುದಿ ಸವೆದ ನಾಝಲ್ ಮಂಜಿನಂತೆ ಸಿಂಪಡಿಸುವ ಬದಲು ಹನಿ ಹನಿಯಾಗಿ ತೊಟ್ಟಿಕ್ಕಿಸುತ್ತದೆ. ದಪ್ಪ ಹನಿ ಪೂರ್ತಿ ಉರಿಯದೆ ಮಸಿಯಾಗುತ್ತದೆ. ನಾಝಲನ್ನು ಬಿಚ್ಚಿ ಟೆಸ್ಟಿಂಗ್ ಯಂತ್ರಕ್ಕೆ ಹಾಕಿ ಸಿಂಪಡಣೆಯನ್ನು ಕಣ್ಣಾರೆ ನೋಡಬಹುದು. "ನಾಲ್ಕೂ ಹೋಗಿವೆ" ಎಂದರೆ "ಟೆಸ್ಟ್ ಮಾಡಿ ತೋರಿಸಿ" ಎಂದು ಕೇಳುವ ಹಕ್ಕು ನಿಮಗಿದೆ.

ಬಿಳಿ ಹೊಗೆ: ಹೊತ್ತಿಕೊಳ್ಳದ ಡೀಸೆಲ್, ಇಲ್ಲವೇ ನೀರು

ದೆಹಲಿಯ ಜನವರಿ ಮುಂಜಾನೆ ಸೈಲೆನ್ಸರಿನಿಂದ ತೆಳ್ಳಗೆ ಹಬೆ ಬಂದು ಎರಡು ನಿಮಿಷದಲ್ಲಿ ಮಾಯವಾದರೆ ಅದು ರೋಗವಲ್ಲ, ಚಳಿ. ನಮ್ಮ ಬಾಯಿಂದಲೂ ಆಗ ಹಬೆ ಬರುತ್ತದಲ್ಲ!

ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿ, ಆದ ಮೇಲೆ ನಡುಗುತ್ತಾ, ಕಣ್ಣುರಿಸುವ, ಡೀಸೆಲ್ ವಾಸನೆಯ ಬಿಳಿ ಹೊಗೆ ಬಿಟ್ಟು, ಬಿಸಿಯಾದ ಮೇಲೆ ಸರಿಹೋದರೆ ಹೀಟರ್ ಪ್ಲಗ್ಗುಗಳನ್ನು ನೋಡಿಸಿ. ತಣ್ಣಗಿನ ಎಂಜಿನ್ನಿಗೆ ಮೊದಲ ಬಿಸಿ ಕೊಡುವವು ಅವು. ನಾಲ್ಕರಲ್ಲಿ ಒಂದೆರಡು ಸತ್ತರೂ ಆ ಸಿಲಿಂಡರುಗಳು ಹಸಿ ಸೌದೆಯಂತೆ ಹೊಗೆಯಾಡುತ್ತವೆ. ಪರೀಕ್ಷೆ ಸುಲಭ, ಖರ್ಚೂ ಕಡಿಮೆ.

ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಎರಡು ಅನುಮಾನ. ಒಂದು, ಡೀಸೆಲ್ ಸಿಂಪಡಿಸುವ ಸಮಯ ಹಿಂದೆಮುಂದಾಗಿದೆ, ಅಥವಾ ಸಿಲಿಂಡರಿನಲ್ಲಿ ಕಂಪ್ರೆಷನ್ ಕುಸಿದಿದೆ. ಇನ್ನೊಂದು, ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಎಂಜಿನ್ ಒಳಗೆ ಸೇರುತ್ತಿದೆ. ಎರಡನೆಯದಾದರೆ ಹೊಗೆ ದಟ್ಟವಾಗಿ, ಸಿಹಿ ವಾಸನೆಯಿಂದ ಕೂಡಿರುತ್ತದೆ. ಎಲ್ಲೂ ಸೋರದಿದ್ದರೂ ಕೂಲೆಂಟ್ ಇಳಿಯುತ್ತಿರುತ್ತದೆ. ಆಯಿಲ್ ಹಾಕುವ ಮುಚ್ಚಳದ ಕೆಳಗೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ನೊರೆ ಕಾಣಬಹುದು. ಹೀಗಿದ್ದರೆ ಊರಿನ ದಾರಿ ಹಿಡಿಯಲೇಬೇಡಿ. ನಡುದಾರಿಯಲ್ಲಿ ಎಂಜಿನ್ ಕಾದು ಹೆಡ್ ಬಾಗಿದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ಬಿಸಿ ಇರುವಾಗ ಕೂಲೆಂಟ್ ಮುಚ್ಚಳ ತೆಗೆಯುವುದು ಎಂದಿಗೂ ಬೇಡ. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ನೀಲಿ ಹೊಗೆ: ಆಯಿಲ್ ಉರಿಯುತ್ತಿದೆ

ಇಲ್ಲಿ ಹೊಗೆ ಬರುವ ಹೊತ್ತು ಮುಖ್ಯ. ರಾತ್ರಿಯೆಲ್ಲಾ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಮೋಡ ನೀಲಿ ಬಿಟ್ಟು ಆಮೇಲೆ ತಿಳಿಯಾದರೆ ವಾಲ್ವ್ ಸೀಲುಗಳು ಗಟ್ಟಿಯಾಗಿ ಆಯಿಲ್ ಒಳಗಿಳಿದಿದೆ. ಓಡಿಸುವಷ್ಟು ಹೊತ್ತೂ ನೀಲಿ ಹೊಗೆ ಇದ್ದು, ಪಿಕಪ್ ಇಲ್ಲದೆ, ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್ ಹಾಕಬೇಕಾಗಿ ಬಂದರೆ ಪಿಸ್ಟನ್ ರಿಂಗು ಸವೆದಿವೆ ಎಂಬ ಅನುಮಾನ ಬಲವಾಗುತ್ತದೆ. ಆಗ ಮೆಕ್ಯಾನಿಕ್‌ಗೆ ಕಂಪ್ರೆಷನ್ ಟೆಸ್ಟ್ ಮಾಡಲು ಹೇಳಿ. ನಾಲ್ಕೂ ಸಿಲಿಂಡರಿನ ಅಂಕಿ ಬರೆದುಕೊಳ್ಳಿ. ಒಂದಕ್ಕೂ ಇನ್ನೊಂದಕ್ಕೂ ದೊಡ್ಡ ಅಂತರ ಇದ್ದರೆ ಎಂಜಿನ್ ಬಿಚ್ಚುವ ಮಾತಿಗೆ ಅರ್ಥವಿದೆ. ಅಂಕಿ ಇಲ್ಲದೆ ಎಂಜಿನ್ ಬಿಚ್ಚಲು ಒಪ್ಪಬೇಡಿ.

ಟರ್ಬೊ ಇರುವ ಗಾಡಿಯಲ್ಲಿ ಅದರ ಸೀಲು ಹೋದರೂ ನೀಲಿ ಹೊಗೆ ಬರುತ್ತದೆ. ಗಾಳಿಯ ಪೈಪಿನೊಳಗೆ ಆಯಿಲ್ ಕೆರೆಯಂತೆ ನಿಂತಿದ್ದರೆ ಅದೇ ಗುರುತು. ಇದನ್ನು ಮುಂದೂಡಬೇಡಿ. ಆಯಿಲ್ ಕೂಡ ಡೀಸೆಲ್ಲಿನಂತೆಯೇ ಉರಿಯುತ್ತದೆ. ಸೀಲು ಪೂರ್ತಿ ಹೋದರೆ ಎಂಜಿನ್ ತನ್ನದೇ ಆಯಿಲ್ ಕುಡಿದು, ಕೀ ತೆಗೆದರೂ ನಿಲ್ಲದೆ, ಕಿರುಚುತ್ತಾ ಓಡಬಲ್ಲದು. ಹಾಗೇನಾದರೂ ಆದರೆ ಗೇರಿನ ಗಾಡಿಯಲ್ಲಿ ಬ್ರೇಕನ್ನು ಗಟ್ಟಿಯಾಗಿ ಒತ್ತಿಹಿಡಿದು, ಎಲ್ಲಕ್ಕಿಂತ ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಬಂದ್ ಬೀಳಿಸಬೇಕು. ಆಗದಿದ್ದರೆ ಎಲ್ಲರನ್ನೂ ಇಳಿಸಿಕೊಂಡು ದೂರ ನಿಲ್ಲಿ. ಬಾನೆಟ್ ತೆಗೆದು ಬಗ್ಗಿ ನೋಡಲು ಹೋಗಬೇಡಿ.

ಘಾಟಿ ಹತ್ತಿ ಬಂದ ಕೂಡಲೇ ಎಂಜಿನ್ ಆರಿಸದೆ ಒಂದು ನಿಮಿಷ ಸುಮ್ಮನೆ ಓಡಲು ಬಿಟ್ಟರೆ ಟರ್ಬೊ ತಣಿಯುತ್ತದೆ. ಸಮಯಕ್ಕೆ ಆಯಿಲ್ ಬದಲಿಸುವುದು, ಹೀಗೆ ಒಂದು ನಿಮಿಷ ಕಾಯುವುದು, ಇವೆರಡೇ ಅದರ ಆಯುಷ್ಯದ ಗುಟ್ಟು.

ಹೊಗೆ ಇಲ್ಲ, ಎಳೆತವೂ ಇಲ್ಲ

ಹೊಗೆಯೇ ಇಲ್ಲದೆ ಗಾಡಿ ಮಂದವಾದರೆ ಉರಿಯಲು ಡೀಸೆಲ್ ಸಾಲುತ್ತಿಲ್ಲ, ಇಲ್ಲವೇ ಹುಟ್ಟಿದ ಬಲ ಚಕ್ರಕ್ಕೆ ತಲಪುತ್ತಿಲ್ಲ ಎಂದು ತಿಳಿಯಿರಿ.

ಡೀಸೆಲ್ ಫಿಲ್ಟರ್ ಇಲ್ಲಿ ಮೊದಲ ಆರೋಪಿ. ಊರೊಳಗೆ ಚೆನ್ನಾಗಿದ್ದ ಕಾರು ಹೈವೇಯಲ್ಲಿ 80 ದಾಟದೆ ಒದ್ದಾಡಿದರೆ ಇದನ್ನು ನೆನೆಯಿರಿ. ನಿಧಾನಕ್ಕೆ ಬೇಕಾದಷ್ಟು ಡೀಸೆಲ್ ನುಸುಳುತ್ತದೆ, ಜೋರಿಗೆ ಬೇಕಾದಷ್ಟು ನುಸುಳುವುದಿಲ್ಲ. ಮಳೆಗಾಲದಲ್ಲಿ ಡೀಸೆಲ್ ಜೊತೆ ನೀರೂ ಸೇರಿರಬಹುದು. ಅನೇಕ ಗಾಡಿಗಳ ಫಿಲ್ಟರಿನ ಕೆಳಗೆ ನೀರು ಇಳಿಸಲು ತಿರುಪು ಇರುತ್ತದೆ. ಫಿಲ್ಟರ್ ಬದಲಿಸಿದ ಮೇಲೂ ಹಾಗೇ ಇದ್ದರೆ ಟ್ಯಾಂಕಿನ ಜಾಲರಿ, ಎಲ್ಲೋ ಗಾಳಿ ಎಳೆಯುತ್ತಿರುವ ಹಳೆಯ ಪೈಪು, ಇವನ್ನು ನೋಡಿಸಿ. ಪಂಪಿನ ಕಡೆ ಕೈ ಹೋಗುವುದು ಆಮೇಲೆ.

ಕ್ಲಚ್ ಎರಡನೆಯದು. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಹೋಗುತ್ತಾ ಒಮ್ಮೆ ಜೋರಾಗಿ ಒತ್ತಿ. ಎಂಜಿನ್ ಸದ್ದು ಏರಿ, ಗಾಡಿಯ ವೇಗ ಏರದಿದ್ದರೆ ಕ್ಲಚ್ ಪ್ಲೇಟು ಜಾರುತ್ತಿದೆ. ಎಂಜಿನ್ ಪಾಪ ತನ್ನ ಕೆಲಸ ಮಾಡುತ್ತಿದೆ.

ಬ್ರೇಕ್ ಮೂರನೆಯದು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರದ ಬಳಿ ಕೈ ಒಯ್ಯಿರಿ, ಮುಟ್ಟಬೇಡಿ. ಒಂದರ ಝಳ ಮಾತ್ರ ಬೇರೆಯವಕ್ಕಿಂತ ಹೆಚ್ಚಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡೇ ಇದೆ. ಇನ್ನು ಹಳೆಯ ಗಾಡಿಯಾದರೆ ಆಕ್ಸಿಲರೇಟರ್ ಕೇಬಲ್ ಪೂರ್ತಿ ಎಳೆಯುತ್ತಿದೆಯೇ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ಪೆಡಲ್ ಕೆಳಗೆ ದಪ್ಪ ಮ್ಯಾಟು ಹಾಕಿದ ಪುಣ್ಯಾತ್ಮರೂ ಇರುತ್ತಾರೆ!

ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡು ಗಾಡಿ ಒಂದು ಮಿತಿಗಿಂತ ಮೇಲೆ ಹೋಗದಿದ್ದರೆ, ಅದು ಕಂಪ್ಯೂಟರ್ ಇರುವ ಕಾಮನ್ ರೈಲ್ ಗಾಡಿ ತನ್ನನ್ನು ತಾನೇ ಕಾಪಾಡಿಕೊಳ್ಳುವ ಉಪಾಯ. ಮೊದಲು ಸ್ಕ್ಯಾನರ್ ಹಾಕಿಸಿ ಕೋಡ್ ಬರೆದುಕೊಳ್ಳಿ. ಆದರೆ ಕೋಡ್ ತೋರಿಸುವುದು ನೋವಿರುವ ಜಾಗವನ್ನು, ರೋಗದ ಹೆಸರನ್ನಲ್ಲ. "ಗಾಳಿಯ ಒತ್ತಡ ಕಡಿಮೆ" ಎಂಬ ಕೋಡಿಗೆ ಸೀಳಿದ ಪೈಪೂ ಕಾರಣವಾಗಬಹುದು, ಕೊಳೆಯಾದ ಸೆನ್ಸರೂ ಆಗಬಹುದು, ಟರ್ಬೊವೂ ಆಗಬಹುದು.

ಒಂದು ಭಾನುವಾರದ ಕೆಲಸ

ಇಷ್ಟನ್ನು ಈ ಕ್ರಮದಲ್ಲಿ ಮಾಡಿ. ಮುಚ್ಚಿದ ಗ್ಯಾರೇಜಿನಲ್ಲಾಗಲಿ, ಕಟ್ಟಡದ ನೆಲಮಾಳಿಗೆಯಲ್ಲಾಗಲಿ ಎಂಜಿನ್ ಓಡಿಸಬೇಡಿ. ಬಯಲಿಗೆ ಬನ್ನಿ.

1. ತಣ್ಣಗಿರುವಾಗ ಆಯಿಲ್ ಮಟ್ಟ ನೋಡಿ. ಕಡಿಮೆಯಾದರೆ ಸರಿ, ತುಂಬಿಸಬಹುದು. ತಾನಾಗಿ ಏರಿದ್ದು, ಡೀಸೆಲ್ ವಾಸನೆ ಬಂದರೆ ಡೀಸೆಲ್ ಆಯಿಲಿಗೆ ಸೇರುತ್ತಿದೆ. ಓಡಿಸುವುದನ್ನು ನಿಲ್ಲಿಸಿ. ಕೂಲೆಂಟ್ ಮಟ್ಟವನ್ನೂ ಬರೆದಿಡಿ.

2. ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಟರ್ಬೊ ಪೈಪುಗಳನ್ನು ಒತ್ತಿ ನೋಡಿ.

3. ಸ್ಟಾರ್ಟ್ ಮಾಡುವಾಗ ಮನೆಯವರೊಬ್ಬರನ್ನು ಹಿಂದೆ, ಪಕ್ಕಕ್ಕೆ ನಿಲ್ಲಿಸಿ. ಮೊದಲ ಹೊಗೆಯ ಬಣ್ಣ, ಅದು ಎಷ್ಟು ಹೊತ್ತು ಇತ್ತು ಎಂಬುದನ್ನು ಹೇಳಲಿ. ಮೊಬೈಲಿನಲ್ಲಿ ಚಿತ್ರ ತೆಗೆದರೆ ಇನ್ನೂ ಒಳ್ಳೆಯದು.

4. ಎಂಜಿನ್ ಬಿಸಿಯಾದ ಮೇಲೆ ಜನವಿಲ್ಲದ ರಸ್ತೆಯಲ್ಲಿ ಓಡಿಸಿ. ಯಾವ ಗೇರಿನಲ್ಲಿ, ಎಷ್ಟು ವೇಗದಲ್ಲಿ ಗಾಡಿ ಸೋಲುತ್ತದೆ, ಆಗ ಹೊಗೆ ಇದೆಯೇ, ಸದ್ದು ಇದೆಯೇ?

5. ಡೀಸೆಲ್ ಫಿಲ್ಟರ್ ಕೊನೆಗೆ ಬದಲಿಸಿದ್ದು ಯಾವಾಗ? ನೆನಪಿಲ್ಲದಿದ್ದರೆ ಬದಲಿಸುವ ಕಾಲ ಬಂದಿದೆ ಎಂದೇ ಅರ್ಥ.

ಒಂದು ಎಚ್ಚರಿಕೆ. ಹಳೆಯ ಪಂಪಿನ ಗಾಡಿಗಳಲ್ಲಿ ಮೆಕ್ಯಾನಿಕ್ ಒಂದೊಂದೇ ನಾಝಲಿನ ಪೈಪು ಸಡಿಲಿಸಿ, ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಕಂಡುಹಿಡಿಯುತ್ತಿದ್ದರು. ಕಾಮನ್ ರೈಲ್ ಗಾಡಿಗೆ ಅದನ್ನು ಮಾಡುವಂತಿಲ್ಲ. ಅಲ್ಲಿ ಡೀಸೆಲ್ ಒತ್ತಡ ಸಾವಿರ ಬಾರ್ ದಾಟುತ್ತದೆ. ಸೂಜಿಯಂಥ ಆ ಧಾರೆ ಚರ್ಮ ಸೀಳಿ ಒಳಗೇ ಹೋಗುತ್ತದೆ. ಅಂಥ ಗಾಯ ಹೊರಗೆ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದದ್ದು.

ಮೆಕ್ಯಾನಿಕ್ ಬಳಿ ಏನು ಹೇಳಬೇಕು?

ಪರಭಾಷೆಯ ಊರಿನಲ್ಲಿ ಕಾರಿನ ಕಾಯಿಲೆ ವಿವರಿಸುವುದು ಡಾಕ್ಟರಿಗೆ ಹೊಟ್ಟೆನೋವು ವಿವರಿಸಿದ ಹಾಗೆ, ಅರ್ಧ ಕೈಸನ್ನೆಯಲ್ಲೇ ಮುಗಿಯುತ್ತದೆ. ಆದರೆ ಹೊಗೆಯ ವಿಷಯದಲ್ಲಿ ದಕ್ಷಿಣದವರಿಗೆ ಕಷ್ಟವಿಲ್ಲ. ನಮ್ಮ 'ಹೊಗೆ' ಹಳಗನ್ನಡದಲ್ಲಿ 'ಪೊಗೆ' ಆಗಿತ್ತು. ಚೆನ್ನೈಯವರು ಇಂದಿಗೂ 'ಪುಗೈ' ಎನ್ನುತ್ತಾರೆ, ಹೈದರಾಬಾದಿನವರು 'ಪೊಗ' ಎನ್ನುತ್ತಾರೆ. 'ಕರುಪ್ಪು ಪುಗೈ', 'ನಲ್ಲ ಪೊಗ' ಎಂದರೆ ಕಪ್ಪು ಹೊಗೆ. ಪುಣೆಯಲ್ಲಿ 'ಕಾಳಾ ಧೂರ್', ದೆಹಲಿ ಮುಂಬಯಿಯಲ್ಲಿ 'ಕಾಲಾ ಧುವಾಂ'. 'ಪಿಕಪ್' ಎಂಬ ಪದಕ್ಕೆ ಎಲ್ಲೂ ಅನುವಾದ ಬೇಕಿಲ್ಲ!

ಬಣ್ಣದ ಜೊತೆ ಹೊತ್ತನ್ನೂ ಹೇಳಿ. "ಹೊಗೆ ಬರುತ್ತೆ, ನೋಡಿ" ಎಂದರೆ ಅವರಿಗೆ ತೋಚಿದ ಕಡೆಯಿಂದ ಶುರು ಮಾಡುತ್ತಾರೆ. "ಎಂಜಿನ್ ಬಿಸಿಯಾದ ಮೇಲೆ, ಏರಿನಲ್ಲಿ, ಮೂರನೇ ಗೇರಿನಲ್ಲಿ ಒತ್ತಿದಾಗ ಕಪ್ಪು ಹೊಗೆ, ಜೊತೆಗೆ ಹಿಸ್ ಸದ್ದು, ಏರ್ ಫಿಲ್ಟರ್ ಹೊಸದು ಹಾಕಿದ್ದೇನೆ" ಎಂದರೆ ಒಳ್ಳೆಯ ಮೆಕ್ಯಾನಿಕ್ ನೇರವಾಗಿ ಪೈಪಿನ ಕಡೆ ಹೋಗುತ್ತಾನೆ. ನಿಮ್ಮ ದುಡ್ಡೂ ಉಳಿಯಿತು, ಅವನ ಹೊತ್ತೂ ಉಳಿಯಿತು. ಬದಲಿಸಿದ ಹಳೆಯ ಸಾಮಾನು ವಾಪಸ್ ಕೇಳಿ ಪಡೆಯಿರಿ. ಒಂದು ಸಲಕ್ಕೆ ಒಂದೇ ರಿಪೇರಿ ಮಾಡಿಸಿ, ಓಡಿಸಿ ನೋಡಿ, ಆಮೇಲೆ ಮುಂದಿನದು. ನಾಲ್ಕು ಕೆಲಸ ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಗುಣವಾಯಿತೆಂದು ದೇವರಿಗೂ ತಿಳಿಯದು.

ಪಿಯುಸಿ ಚೀಟಿ ಎಸೆಯಬೇಡಿ

ಪೊಲೀಸರಿಗೆ ತೋರಿಸಲೆಂದು ಇಟ್ಟುಕೊಳ್ಳುವ ಪಿಯುಸಿ ಚೀಟಿಯಲ್ಲಿ ಉಪಯೋಗದ ಅಂಕಿಯೊಂದಿದೆ. ಡೀಸೆಲ್ ಗಾಡಿಗೆ ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಎಂದು ಅಳೆಯುತ್ತಾರೆ. ಬಿಎಸ್-4ಕ್ಕೆ ಮೊದಲಿನ ಗಾಡಿಗಳಿಗೆ ಮಿತಿ 2.45, ಬಿಎಸ್-4 ಗಾಡಿಗಳಿಗೆ 1.62. ಪ್ರತಿ ಸಲದ ಚೀಟಿ ಒಂದೆಡೆ ಇಡಿ. ಹೋದ ಸಲ 0.9 ಇದ್ದದ್ದು ಈ ಸಲ 1.5 ಆಗಿದ್ದರೆ, ಪಾಸಾದರೂ ಸಹ, ಒಳಗೆ ಏನೋ ಬದಲಾಗಿದೆ. ಬಿ.ಪಿ. ನೋಡಿಸಿಕೊಂಡ ಹಾಗೆಯೇ ಇದೂ. ಈ ಪರೀಕ್ಷೆಯಲ್ಲಿ ಎಂಜಿನ್ನನ್ನು ಪೂರ್ತಿ ಜೋರಾಗಿ ಓಡಿಸುತ್ತಾರೆ. ಆದ್ದರಿಂದ ಟೈಮಿಂಗ್ ಬೆಲ್ಟ್ ಇರುವ ಗಾಡಿಯಾದರೆ ಅದರ ವಾಯಿದೆ ಮುಗಿದಿಲ್ಲವೆಂದು ಖಚಿತ ಮಾಡಿಕೊಂಡೇ ಹೋಗಿ. ಹಳೆ ಬೆಲ್ಟ್ ಹರಿದರೆ ಪಿಸ್ಟನ್ನಿಗೂ ವಾಲ್ವಿಗೂ ಡಿಕ್ಕಿಯಾಗಿ ಎಂಜಿನ್ನೇ ಹಾಳಾಗಬಹುದು.

ದೆಹಲಿಯ ಮಿತ್ರರಿಗೆ ಇನ್ನೊಂದು ಮಾತು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಜಾರಿಮಾಡಲು ಹೇಳಿತು. 2025ರಲ್ಲಿ ಸುಪ್ರೀಂ ಕೋರ್ಟಿನಿಂದ ಮತ್ತೆ ಹೊಸ ಆದೇಶಗಳು ಬಂದವು. ನಿಮ್ಮ ಗಾಡಿ ಬಿಎಸ್ ಎಷ್ಟನೆಯದು, ನೋಂದಣಿ ಯಾವ ವರ್ಷದ್ದು ಎಂದು ಆರ್.ಸಿ.ಯಲ್ಲಿ ನೋಡಿ, ಇಂದಿನ ನಿಯಮವನ್ನು ಸಾರಿಗೆ ಇಲಾಖೆಯಲ್ಲಿ ಕೇಳಿಕೊಂಡು ಆಮೇಲೆ ದೊಡ್ಡ ರಿಪೇರಿಗೆ ಕೈ ಹಾಕಿ.

ಯಾವ ಊರಿನವರಾದರೂ ಒಂದು ಲೆಕ್ಕ ಹಾಕಿ. ಫಿಲ್ಟರ್, ಪೈಪು, ಹೀಟರ್ ಪ್ಲಗ್, ಇಜಿಆರ್ ತೊಳೆಯುವುದು, ಇವಕ್ಕೆ ಯೋಚಿಸದೆ ಖರ್ಚು ಮಾಡಬಹುದು. ನಾಝಲ್, ಟರ್ಬೊ ಎಂದರೆ ಪರೀಕ್ಷೆಯ ಫಲಿತಾಂಶ ಕಂಡ ಮೇಲೆ ಯೋಚಿಸಬಹುದು. ಕಂಪ್ರೆಷನ್ ಹೋಗಿ ಎಂಜಿನ್ ಬಿಚ್ಚಬೇಕು ಎಂಬ ಹಂತಕ್ಕೆ ಬಂದರೆ ಗಾಡಿಯ ಇಂದಿನ ಬೆಲೆಯನ್ನು ಎದುರಿಗಿಟ್ಟುಕೊಂಡು ಮನೆಯವರೆಲ್ಲಾ ಕೂತು ಮಾತಾಡಿ. ಹತ್ತು ಹದಿನೈದು ವರ್ಷ ಜೊತೆಗಿದ್ದ ಗಾಡಿಯ ಮೇಲೆ ಪ್ರೀತಿ ಇರುವುದು ಸಹಜ. ಆದರೆ ಆ ಪ್ರೀತಿಗೆ ಬೀದಿಯವರೆಲ್ಲಾ ಹೊಗೆ ಕುಡಿಯುವಂತಾಗಬಾರದು.

ಪ್ರಯಾಣಕ್ಕೆ ಹಿಂದಿನ ದಿನ ಗ್ಯಾರೇಜಿಗೆ ಓಡಬೇಡಿ, ಎರಡು ವಾರ ಮೊದಲೇ ಈ ಭಾನುವಾರದ ಕೆಲಸ ಮುಗಿಸಿ. ರಿಪೇರಿಯಾದ ಮೇಲೆ ಹತ್ತಿರದ ಒಂದು ಏರು ಹತ್ತಿಸಿ ನೋಡಿ. ಹಿಂದಿನ ಕನ್ನಡಿಯಲ್ಲಿ ರಸ್ತೆ ತಿಳಿಯಾಗಿ ಕಂಡರೆ ಊರಿಗೆ ಹೊರಡಿ. ಶುಭ ಪ್ರಯಾಣ.